ಸೆಕೆಂಡಿನ ಬೆಲೆ: ಫಾರ್ಮುಲಾ ಒನ್‌ನ ನಿಯಮ ಮತ್ತು ಹಣಕಾಸು ಸುಧಾರಣೆ ಕುರಿತ ದತ್ತಿ ಉಪನ್ಯಾಸ

2016ರ ನವೆಂಬರ್ 13. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಬೆಳಗಿನಿಂದ ಮಳೆ. ಇಂಟರ್‌ಲಾಗೋಸ್ ಸರ್ಕ್ಯೂಟ್‌ನಲ್ಲಿ ಕಾರುಗಳು ನೀರಿನ ಮೇಲೆ ಜಾರಿ ಗೋಡೆಗೆ ಬಡಿಯುತ್ತಿದ್ದವು. ಎರಡು ಸಲ ಕೆಂಪು ಬಾವುಟ ಹಾರಿತು. ಓಟ ಮುಗಿಯಲು ಮೂರು ಗಂಟೆ ಬೇಕಾಯಿತು. ಹತ್ತೊಂಬತ್ತರ ಹುಡುಗ ಮ್ಯಾಕ್ಸ್ ವರ್ಸ್ಟಾಪನ್ ಕೊನೆಯ ಲ್ಯಾಪ್‌ಗಳಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಮೂರನೆಯವನಾಗಿ ಬಂದದ್ದನ್ನು ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಅದೇ ಓಟದಲ್ಲಿ ಸೌಬರ್ ತಂಡದ ಫೆಲಿಪೆ ನಾಸರ್ ಒಂಬತ್ತನೆಯವರಾಗಿ ಗುರಿ ಮುಟ್ಟಿದ್ದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಒಂಬತ್ತನೆಯ ಸ್ಥಾನಕ್ಕೆ ಸಿಗುವುದು ಎರಡು ಅಂಕ. ಆ ವರ್ಷ ಅಲ್ಲಿಯವರೆಗೆ ಸೌಬರ್ ಗಳಿಸಿದ್ದು ಸೊನ್ನೆ, ಮೇನರ್ ಎಂಬ ಪುಟ್ಟ ಬ್ರಿಟಿಷ್ ತಂಡ ಗಳಿಸಿದ್ದು ಒಂದು. ನಾಸರ್ ಗೆರೆ ದಾಟಿದ ಕ್ಷಣಕ್ಕೆ ಮೇನರ್ ಹತ್ತನೆಯ ಸ್ಥಾನದಿಂದ ಹನ್ನೊಂದಕ್ಕೆ ಇಳಿಯಿತು. ಬಹುಮಾನದ ದೊಡ್ಡ ಪಾಲು ಹಂಚಿಕೆಯಾಗುತ್ತಿದ್ದುದು ಹತ್ತು ತಂಡಗಳಿಗೆ ಮಾತ್ರ. 2017ರ ಜನವರಿಯಲ್ಲಿ, ಕೊಳ್ಳುವವರು ಸಿಗದೆ, ಮೇನರ್ ಬಾಗಿಲು ಹಾಕಿತು. ಇನ್ನೂರಕ್ಕೂ ಹೆಚ್ಚು ಜನ ಮನೆಗೆ ಹೋದರು.

ವಿಚಿತ್ರವೆಂದರೆ, ಇದೇ ತಂಡ ಹಿಂದೊಮ್ಮೆ ಬದುಕಿ ಉಳಿದದ್ದೂ ಎರಡೇ ಅಂಕದಿಂದ. ಆಗ ಅದರ ಹೆಸರು ಮರೂಸಿಯಾ. 2014ರಲ್ಲಿ ಮೊನಾಕೊದ ಇಕ್ಕಟ್ಟು ಬೀದಿಗಳಲ್ಲಿ ಜೂಲ್ಸ್ ಬಿಯಾಂಕಿ ಒಂಬತ್ತನೆಯವರಾಗಿ ಬಂದು ತಂದ ಎರಡು ಅಂಕ ಮರೂಸಿಯಾವನ್ನು ಆ ವರ್ಷದ ಪಟ್ಟಿಯಲ್ಲಿ ಸೌಬರ್‌ಗಿಂತ ಮೇಲೆ, ಒಂಬತ್ತನೆಯ ಸ್ಥಾನದಲ್ಲಿ ನಿಲ್ಲಿಸಿತು. ತಂಡ ಆ ಶರತ್ಕಾಲದಲ್ಲೇ ದಿವಾಳಿಯ ಆಡಳಿತಾಧಿಕಾರಿಗಳ ಕೈ ಸೇರಿದ್ದರೂ, ಬರಬೇಕಾಗಿದ್ದ ಆ ಬಹುಮಾನದ ಹಣವನ್ನು ನಂಬಿ 2015ರಲ್ಲಿ ಮತ್ತೆ ಎದ್ದು ನಿಂತಿತು. ಅದನ್ನು ನೋಡಲು ಬಿಯಾಂಕಿ ಇರಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಜಪಾನ್‌ನ ಸುಜುಕಾದಲ್ಲಿ ಪೆಟ್ಟಾಗಿ ಪ್ರಜ್ಞೆ ಕಳೆದುಕೊಂಡವರು ಮುಂದಿನ ಜುಲೈನಲ್ಲಿ ತೀರಿಕೊಂಡರು.

ಒಂದು ಮಳೆ, ಒಂದು ಒಂಬತ್ತನೆಯ ಸ್ಥಾನ, ನೂರಾರು ಜನರ ಅನ್ನ. ಆಟದಲ್ಲಿ ಸೋಲು ಇದ್ದದ್ದೇ. ಆದರೆ ಈ ಬಗೆಯ ಸೋಲನ್ನು ಬರೆದದ್ದು ಟ್ರ್ಯಾಕ್ ಅಲ್ಲ, ಹಣ ಹಂಚುವ ಒಪ್ಪಂದ. ಈ ಉಪನ್ಯಾಸದ ವಾದ ಇಷ್ಟೇ: ಫಾರ್ಮುಲಾ ಒನ್ ಅರ್ಧ ಶತಮಾನ ಕಾಲ ಕಾರನ್ನು ಅಳೆದು ನ್ಯಾಯ ತರಲು ಹೊರಟಿತು, ಪ್ರತಿ ಸಲವೂ ಸೋತಿತು, ಹಣವನ್ನು ಅಳೆಯತೊಡಗಿದ ಮೇಲೆ, ಅಂದರೆ 2021ರಿಂದ ಈಚೆಗೆ, ಒಂದಿಷ್ಟು ಗೆದ್ದಿದೆ, ಆದರೆ ಆ ಅಳತೆ ಇನ್ನೂ ತಂಡದ ಗೋಡೆಯೊಳಗೇ ಉಳಿದಿದೆ.

ಕಾರನ್ನು ಅಳೆಯುವ ಕಥೆಯಲ್ಲಿ ತಮಾಷೆಯೂ ಇದೆ. 1982ರಲ್ಲಿ ಕಾರಿನ ಕನಿಷ್ಠ ತೂಕ 580 ಕೆ.ಜಿ. ರೆನೊ, ಫೆರಾರಿಗಳ ಬಳಿ ಟರ್ಬೊ ಎಂಜಿನ್ ಇತ್ತು. ಬ್ರಿಟಿಷ್ ತಂಡಗಳು ಹೆಚ್ಚಾಗಿ ನೆಚ್ಚಿದ್ದದ್ದು ಕಾಸ್ವರ್ತ್ ಡಿಎಫ್‌ವಿಯನ್ನು. ಫೋರ್ಡ್ ಕಂಪನಿ ಒಂದು ಲಕ್ಷ ಪೌಂಡ್ ಕೊಟ್ಟು ಮಾಡಿಸಿದ, 1967ರಲ್ಲಿ ಜಾಂಡ್‌ವೋರ್ಟ್‌ನಲ್ಲಿ ಜಿಮ್ ಕ್ಲಾರ್ಕ್ ಕೈಯಲ್ಲಿ ಮೊದಲ ಓಟವನ್ನೇ ಗೆದ್ದ ಎಂಜಿನ್ ಅದು. ಹಣ ಕೊಟ್ಟ ಯಾರಿಗಾದರೂ ಸಿಗುತ್ತಿತ್ತು. ಸಣ್ಣ ಗ್ಯಾರೇಜುಗಳಲ್ಲಿ ಹುಟ್ಟಿದ ತಂಡಗಳು ಅದರ ಬಲದಿಂದಲೇ ಹದಿನೈದು ವರ್ಷ ಬಾಳಿದವು. ಟರ್ಬೊ ಬಂದ ಮೇಲೆ ಆ ಬಲ ಸಾಲದಾಯಿತು. ಟರ್ಬೊ ಕಟ್ಟಲು ಇವರ ಬಳಿ ಕಾಸಿರಲಿಲ್ಲ. ಆಗ ಹೊಳೆದದ್ದು ನೀರಿನ ಉಪಾಯ. ಬ್ರೇಕ್ ತಣಿಸಲೆಂದು ಕಾರಿಗೊಂದು ನೀರಿನ ತೊಟ್ಟಿ ಕೂರಿಸುವುದು. ಓಟ ಶುರುವಾದೊಡನೆ ಆ ನೀರನ್ನು ಹೊರಚೆಲ್ಲುವುದು. ಉಳಿದ ಓಟವನ್ನೆಲ್ಲ ಕಾರು ಹಗುರವಾಗಿ, ನಿಯಮಕ್ಕಿಂತ ಕಡಿಮೆ ತೂಕದಲ್ಲಿ ಓಡುವುದು. ಓಟದ ಕೊನೆಗೆ ತೂಗುವ ಮುನ್ನ ದ್ರವಗಳನ್ನು ಮತ್ತೆ ತುಂಬಲು ಅನುಮತಿ ಇತ್ತಲ್ಲ, ತುಂಬಿದರೆ ಆಯಿತು, ತಕ್ಕಡಿ ಸುಮ್ಮನಾಗುತ್ತದೆ. ಚಾಪೆ ಕೆಳಗೆ ನುಸುಳುವವರನ್ನು ಹಿಡಿದರೆ ರಂಗೋಲಿ ಕೆಳಗೆ ನುಸುಳುವವರು ಹುಟ್ಟುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ರಿಯೊದಲ್ಲಿ ಹೀಗೆ ಮೊದಲಿಗರಾಗಿ ಬಂದ ಬ್ರಾಬಮ್‌ನ ನೆಲ್ಸನ್ ಪಿಕೆ, ಎರಡನೆಯವರಾಗಿ ಬಂದ ವಿಲಿಯಮ್ಸ್‌ನ ಕೇಕೆ ರೋಸ್‌ಬರ್ಗ್ ಇಬ್ಬರೂ ಅನರ್ಹರಾದರು. ಗೆಲುವು ರೆನೊದ ಅಲೇನ್ ಪ್ರೊಸ್ತ್ ಪಾಲಾಯಿತು. ಸಿಟ್ಟಿಗೆದ್ದ ಬಹುಪಾಲು ಬ್ರಿಟಿಷ್ ತಂಡಗಳು ಇಮೋಲಾದ ಓಟಕ್ಕೆ ಬಹಿಷ್ಕಾರ ಹಾಕಿದವು. ಅಂದು ಹೊರಟದ್ದು ಹದಿನಾಲ್ಕೇ ಕಾರು. ಎರಡು ವರ್ಷದ ಮೇಲೆ ಟೈರೆಲ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊನೆಯ ಪಿಟ್ ನಿಲುಗಡೆಯಲ್ಲಿ ನೀರಿನ ಜತೆ ಸೀಸದ ಗುಂಡುಗಳನ್ನೂ ತೊಟ್ಟಿಗೆ ಒತ್ತಿ ತುಂಬಿತು. ಸಿಕ್ಕಿಬಿದ್ದು 1984ರ ಇಡೀ ಚಾಂಪಿಯನ್‌ಷಿಪ್‌ನಿಂದ ಹೊರಬಿತ್ತು. ಟರ್ಬೊ ಇಲ್ಲದ ಕೊನೆಯ ತಂಡ ಅದು ಎಂಬುದನ್ನು ಮರೆಯಬಾರದು. ಸಿರಿವಂತ ತಂಡಗಳಿಗೆ ಬೇಕಾದ ನಿಯಮ ಬದಲಾವಣೆಗೆ ಅಡ್ಡ ನಿಂತಿದ್ದ ಕೆನ್ ಟೈರೆಲ್‌ರನ್ನು ದಾರಿಯಿಂದ ಸರಿಸಲು ಶಿಕ್ಷೆ ಅಷ್ಟು ಕಠಿಣವಾಯಿತು ಎಂಬ ಮಾತು ಅಂದಿನಿಂದಲೂ ಕೇಳಿಬರುತ್ತದೆ. ಮೋಸ ಮೋಸವೇ. ಆದರೆ ಮೋಸದ ಬೇರು ತೂಕದಲ್ಲಿ ಇರಲಿಲ್ಲ, ಎಂಜಿನ್ನಿನ ಬೆಲೆಯಲ್ಲಿತ್ತು. ತಕ್ಕಡಿಗೆ ಅದು ಕಾಣುವುದಿಲ್ಲ.

ಇದಾದ ಮೇಲೂ ಕಾರಿನ ನಿಯಮವೇ ಮದ್ದೆಂದು ನಂಬಿ ನಡೆದವರು ಬಹಳ. ಋತುವಿನ ನಡುವೆ ಪರೀಕ್ಷಾರ್ಥ ಓಟ ಬೇಡ ಎಂದು 2009ರಲ್ಲಿ ನಿಷೇಧಿಸಿದರು, ಖರ್ಚು ಉಳಿಯಲೆಂದು. ಉಳಿದ ಖರ್ಚು ಸಿಮ್ಯುಲೇಟರ್, ವಿಂಡ್ ಟನಲ್, ಕಂಪ್ಯೂಟರುಗಳ ಕಡೆ ಹರಿಯಿತು. ಹಣವಿದ್ದವರ ಮೇಲುಗೈ ಹಾಗೇ ಉಳಿಯಿತು, ಜನರ ಕಣ್ಣಿಂದ ಮರೆಯಾಯಿತು ಅಷ್ಟೆ. ಅದೇ 2009ರಲ್ಲಿ ಹೋಂಡಾ ಬಿಟ್ಟುಹೋದ ತಂಡವನ್ನು ರಾಸ್ ಬ್ರಾನ್ ಒಂದು ಪೌಂಡಿಗೆ ಕೊಂಡು ಚಾಂಪಿಯನ್ ಆದ ಕಥೆಯನ್ನು ಬಡವನ ಗೆಲುವಿನಂತೆ ಹೇಳುವುದುಂಟು. ಆ ಕಾರಿನ ಮೇಲೆ ಹೋಂಡಾ ಅದಾಗಲೇ ಸುರಿದಿದ್ದ ಹಣವನ್ನು ಲೆಕ್ಕಕ್ಕೆ ಹಿಡಿದರೆ ಕಥೆ ಬೇರೆಯಾಗುತ್ತದೆ.

ಭಾರತಕ್ಕೆ ಫಾರ್ಮುಲಾ ಒನ್‌ನ ಮೊದಲ ಅಂಕಗಳು ಬಂದದ್ದೂ ಇಂಥದೊಂದು ನಿಯಮ ಕೈಕೊಟ್ಟ ದಿನವೇ. 2005ರಲ್ಲಿ ಇಡೀ ಓಟಕ್ಕೆ ಒಂದೇ ಸೆಟ್ ಟೈರ್ ಎಂಬ ಕಟ್ಟಳೆ ಬಂತು. ಜೂನ್ 19ರಂದು ಇಂಡಿಯಾನಾಪೊಲಿಸ್‌ನ ಹದಿಮೂರನೆಯ ತಿರುವಿನಲ್ಲಿ, ವಾಲಿದ ಟ್ರ್ಯಾಕ್ ಮೇಲೆ, ಮಿಶೆಲಿನ್ ಟೈರ್‌ಗಳು ತಾಳವು ಎಂದು ಕಂಪನಿಯೇ ಹೇಳಿತು. ತಿರುವಿನ ಮುಂದೆ ವೇಗ ತಗ್ಗಿಸುವ ಅಡ್ಡತಿರುವು ಹಾಕಿ ಎಂದು ತಂಡಗಳು ಕೇಳಿದವು. ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಐಎ ಒಪ್ಪಲಿಲ್ಲ. ಹದಿನಾಲ್ಕು ಕಾರುಗಳು ಒಂದು ಸುತ್ತು ಮೆರವಣಿಗೆ ಹೊರಟು ನೇರ ಪಿಟ್‌ಗೆ ಮರಳಿದವು. ಉಳಿದ ಆರರಲ್ಲಿ ಜೋರ್ಡನ್ ಕಾರಿನ ನರೇನ್ ಕಾರ್ತಿಕೇಯನ್ ನಾಲ್ಕನೆಯವರು, ಐದು ಅಂಕ. ಟಿಕೆಟ್ ಕೊಂಡು ಬಂದಿದ್ದ ಪ್ರೇಕ್ಷಕರು ಬಾಟಲಿ ಎಸೆದರು. ನರೇನ್ ಅವರ ತಪ್ಪೇನೂ ಇಲ್ಲ, ಅವರು ಕಾರು ಓಡಿಸಿದರು, ಗುರಿ ಮುಟ್ಟಿದರು.

ಈಗ ಹಣದ ಕಡೆಗೆ.

ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ಎಂಬ ಚೌಕ. ಅಲ್ಲಿ ಎಫ್‌ಐಎ ಕಚೇರಿ. 1981ರಲ್ಲಿ ತಂಡಗಳು ಮತ್ತು ಒಕ್ಕೂಟದ ನಡುವೆ ಆದ ಒಪ್ಪಂದಕ್ಕೆ ಆ ಚೌಕದ ಹೆಸರೇ ನಿಂತಿತು. ಅಂದಿನಿಂದ ಕಾಂಕಾರ್ಡ್ ಒಪ್ಪಂದ ಕೆಲವು ವರ್ಷಕ್ಕೊಮ್ಮೆ ನವೀಕರಣವಾಗುತ್ತ ಬಂದಿದೆ. ಯಾರಿಗೆ ಎಷ್ಟು ಎಂಬುದನ್ನು ಗುಟ್ಟಾಗಿಡುತ್ತ ಬಂದಿದೆ. ಬ್ರಾಬಮ್ ತಂಡದ ಒಡೆಯರಾಗಿದ್ದ ಬರ್ನಿ ಎಕಲ್‌ಸ್ಟನ್ ಟಿವಿ ಹಕ್ಕಿನ ಬೆಲೆಯನ್ನು ಉಳಿದವರಿಗಿಂತ ಮೊದಲು ಅರಿತರು. ಯುರೋಪಿಯನ್ ಕಮಿಷನ್ ವಿಚಾರಣೆ ನಡೆಸಿ, ನಿಯಮ ಮಾಡುವವರೇ ವ್ಯಾಪಾರವನ್ನೂ ಮಾಡಬಾರದು ಎಂದು ಪಟ್ಟು ಹಿಡಿಯಿತು. ಅದಕ್ಕೆ ಎಫ್‌ಐಎ ಕಂಡುಕೊಂಡ ದಾರಿ, ವಾಣಿಜ್ಯ ಹಕ್ಕುಗಳನ್ನು 2110ರವರೆಗೆ ನೂರು ವರ್ಷಕ್ಕೆ ಎಕಲ್‌ಸ್ಟನ್ ಸಮೂಹಕ್ಕೇ ಗುತ್ತಿಗೆ ಕೊಡುವುದು. ನ್ಯಾಯಾಧೀಶರೂ ವ್ಯಾಪಾರಿಯೂ ಬೇರೆಯಾದದ್ದು ನಿಜ. ಆದರೆ ನೂರು ವರ್ಷದ ಗುತ್ತಿಗೆಯನ್ನು ಯಾವ ಪಂಚಾಯಿತಿಯೂ ತನ್ನ ಕೆರೆಗೆ ಕೊಡಲಿಕ್ಕಿಲ್ಲ. ಆ ಹಕ್ಕು ಕೈಯಿಂದ ಕೈಗೆ ಹೋಗಿ, ಸಿವಿಸಿ ಎಂಬ ಹೂಡಿಕೆ ಸಂಸ್ಥೆಯಿಂದ 2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ತೆಕ್ಕೆಗೆ ಬಂತು.

ಹಂಚಿಕೆ ಹೇಗಿತ್ತು? ಒಂದು ಪಾಲು ಮೊದಲ ಹತ್ತು ತಂಡಗಳಿಗೆ ಸಮನಾಗಿ, ಇನ್ನೊಂದು ಪಾಲು ಸ್ಥಾನದ ಪ್ರಕಾರ. ಇಲ್ಲಿಯವರೆಗೆ ಸರಿ. ಅದರ ಮೇಲೆ, ಬಹುಕಾಲದಿಂದ ಇದ್ದದ್ದಕ್ಕೆ ಫೆರಾರಿಗೆ ಪ್ರತ್ಯೇಕ ಪಾಲು. ಫೆರಾರಿ, ರೆಡ್ ಬುಲ್, ಮೆಕ್‌ಲಾರೆನ್‌ಗಳಿಗೆ ಮತ್ತೊಂದು ಬೋನಸ್. ಮರ್ಸಿಡಿಸ್, ವಿಲಿಯಮ್ಸ್‌ಗೂ ಬೇರೆ ಬೇರೆ ಹೆಸರಿನಲ್ಲಿ ಒಂದಿಷ್ಟು. ಮರ್ಸಿಡಿಸ್ ಸತತವಾಗಿ ಗೆಲ್ಲುತ್ತಿದ್ದ ವರ್ಷಗಳಲ್ಲೂ ಅದಕ್ಕಿಂತ ಹೆಚ್ಚು ಹಣ ಫೆರಾರಿಗೆ ಸಂದಿತೆಂದು ಪತ್ರಿಕೆಗಳು ಬರೆದವು. ನಿಯಮ ರೂಪಿಸುವ ‘ಸ್ಟ್ರಾಟಜಿ ಗ್ರೂಪ್’ನಲ್ಲಿಯೂ ಇವರದೇ ಕುರ್ಚಿ. ಸಾಲದೆಂಬಂತೆ ಫೆರಾರಿಗೆ ವೀಟೊ. 2015ರಲ್ಲಿ ಸಣ್ಣ ತಂಡಗಳಿಗೆ ಮಾರುವ ಎಂಜಿನ್ ಬೆಲೆಗೆ 1.2 ಕೋಟಿ ಯೂರೊ ಮಿತಿ ಹಾಕಲು ಎಫ್‌ಐಎ ಹೊರಟಾಗ ಫೆರಾರಿ ಆ ವೀಟೊ ಚಲಾಯಿಸಿ ತಡೆಯಿತು. ಹೊಸ ಹೈಬ್ರಿಡ್ ಎಂಜಿನ್ನುಗಳು ಬಂದ ಮೊದಲ ವರ್ಷದಲ್ಲೇ ಮರೂಸಿಯಾ, ಕೇಟರ್‌ಹ್ಯಾಮ್ ಎರಡೂ ಕುಸಿದಿದ್ದವು. ಅಬುಧಾಬಿಯ ಕೊನೆಯ ಓಟಕ್ಕೆ ಹೋಗಲು ಕೇಟರ್‌ಹ್ಯಾಮ್ ಅಭಿಮಾನಿಗಳ ಮುಂದೆ ಕೈಯೊಡ್ಡಿ ಚಂದಾ ಎತ್ತಿತು.

ಈ ಹಂಚಿಕೆಯ ಪೆಟ್ಟು ಹತ್ತಿರದಿಂದ ಕಂಡದ್ದು ಫೋರ್ಸ್ ಇಂಡಿಯಾದಲ್ಲಿ. ಬೆಂಗಳೂರಿನ ಮದ್ಯೋದ್ಯಮಿ ವಿಜಯ್ ಮಲ್ಯ 2007ರಲ್ಲಿ ಸ್ಪೈಕರ್ ತಂಡವನ್ನು ಪಾಲುದಾರರೊಡನೆ ಕೊಂಡು ಹೆಸರು ಬದಲಿಸಿದರು. ಕಾರ್ಖಾನೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನ ಬಾಗಿಲಲ್ಲೇ. ಎಡ್ಡಿ ಜೋರ್ಡನ್ ಕಟ್ಟಿದ್ದು ಅದು. ಮೊದಲ ವರ್ಷ ಒಂದು ಅಂಕವೂ ಇಲ್ಲ. 2009ರಲ್ಲಿ ಬೆಲ್ಜಿಯಮ್‌ನ ಸ್ಪಾದಲ್ಲಿ ಜಾಂಕಾರ್ಲೊ ಫಿಸಿಕೆಲ್ಲಾ ಮೊದಲ ಸಾಲಿನಿಂದ ಹೊರಟು ಎರಡನೆಯವರಾದರು. 2016ರಲ್ಲಿ 173 ಅಂಕ, 2017ರಲ್ಲಿ 187 ಅಂಕ. ಎರಡೂ ವರ್ಷ ನಾಲ್ಕನೆಯ ಸ್ಥಾನ. ಮೇಲಿದ್ದವರು ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಮಾತ್ರ. ಖರ್ಚು ಮಾಡಿದ ಪ್ರತಿ ರೂಪಾಯಿಗೆ ಇಷ್ಟು ಅಂಕ ತೆಗೆದ ತಂಡ ಆ ದಶಕದಲ್ಲಿ ಇನ್ನೊಂದಿರಲಿಲ್ಲ ಎಂದು ಪ್ರತಿಸ್ಪರ್ಧಿಗಳೂ ಒಪ್ಪುತ್ತಿದ್ದರು. ಅಂಥ ತಂಡ 2018ರ ಜುಲೈನಲ್ಲಿ, ಹಂಗೇರಿ ಓಟದ ವಾರದಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕೋರ್ಟಿಗೆ ಹೋದವರಲ್ಲಿ ತಂಡದ ಚಾಲಕ ಸೆರ್ಜಿಯೊ ಪೆರೆಜ್ ಒಬ್ಬರು. ಬಾಕಿ ಬರಬೇಕಿತ್ತು ಎಂಬುದೊಂದು ಕಾರಣ. ಬೇರೆ ಸಾಲಗಾರರು ತಂಡವನ್ನು ಮುಚ್ಚಿಸುವ ಮೊದಲು ಆಡಳಿತಾಧಿಕಾರಿಗಳ ಕೈಗೆ ಕೊಟ್ಟರೆ ನಾನೂರು ಜನರ ಕೆಲಸ ಉಳಿಯುತ್ತದೆ ಎಂಬುದು ಇನ್ನೊಂದು.

ಎಲ್ಲವನ್ನೂ ಹಂಚಿಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಲ್ಯ 2016ರ ಮಾರ್ಚ್‌ನಲ್ಲಿ ಬ್ಯಾಂಕ್ ಸಾಲದ ಪ್ರಕರಣಗಳ ನಡುವೆ ಭಾರತ ಬಿಟ್ಟಿದ್ದರು. 2011ರಲ್ಲಿ ಹತ್ತು ಕೋಟಿ ಡಾಲರ್ ಹಾಕಿ ಪಾಲು ಕೊಂಡಿದ್ದ ಸಹಾರಾ ಸಮೂಹವೂ ಕಾನೂನಿನ ಸುಳಿಯಲ್ಲಿತ್ತು. ಒಡೆಯರ ಕೈ ಬತ್ತಿತ್ತು. ಆದರೂ ಪ್ರಶ್ನೆ ಉಳಿಯುತ್ತದೆ: ಜಗತ್ತಿನ ನಾಲ್ಕನೆಯ ತಂಡ ತನ್ನ ಗಳಿಕೆಯಲ್ಲಿ ತಾನು ಬದುಕಲಾಗದೆ ಒಡೆಯರ ಜೇಬು ನೋಡಿಕೊಂಡಿರಬೇಕೇಕೆ? ಫೋರ್ಸ್ ಇಂಡಿಯಾ ಮತ್ತು ಸೌಬರ್ 2015ರಲ್ಲೇ ಇದನ್ನು ಯುರೋಪಿಯನ್ ಕಮಿಷನ್ ಮುಂದೆ ಕೇಳಿದ್ದವು. ಫಾರ್ಮುಲಾ ಒನ್‌ನ ಹೊಸ ಒಡೆಯ ಲಿಬರ್ಟಿ ಸುಧಾರಣೆಯ ಭರವಸೆ ಕೊಟ್ಟ ಮೇಲೆ 2018ರಲ್ಲಿ ದೂರು ಹಿಂತೆಗೆದುಕೊಂಡವು. ಕೆಲವೇ ತಿಂಗಳಲ್ಲಿ ದೂರುದಾರರಲ್ಲಿ ಒಬ್ಬರು ದಿವಾಳಿ.

ಆಗಸ್ಟ್‌ನಲ್ಲಿ ಲಾರೆನ್ಸ್ ಸ್ಟ್ರಾಲ್ ಬಳಗ ತಂಡವನ್ನು ಕೊಂಡಿತು. ಹೊಸ ಪ್ರವೇಶವಾದ್ದರಿಂದ ತಂಡದ 59 ಅಂಕ ಸೊನ್ನೆಯಾಯಿತು. ಚಾಲಕರ ಅಂಕ ಮಾತ್ರ ಉಳಿಯಿತು. ಸ್ಪಾದಲ್ಲಿ ಅರ್ಹತಾ ಸುತ್ತಿನ ದಿನ ಮಳೆ ಬಂತು, ಎಸ್ತಬಾನ್ ಓಕಾನ್ ಮೂರನೆಯವರು, ಪೆರೆಜ್ ನಾಲ್ಕನೆಯವರು. ಮರುದಿನ ಐದು ಮತ್ತು ಆರನೆಯ ಸ್ಥಾನ. ಇದೇ ತಂಡ ಈಗ ಆಸ್ಟನ್ ಮಾರ್ಟಿನ್ ಹೆಸರಿನಲ್ಲಿ ಓಡುತ್ತಿದೆ.

ಖರ್ಚಿಗೇ ಮಿತಿ ಹಾಕಿ ಎಂಬ ವಿಚಾರ ಹಳೆಯದು. ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ 2009ರಲ್ಲಿ ವರ್ಷಕ್ಕೆ 4 ಕೋಟಿ ಪೌಂಡ್ ಮಿತಿ ಎಂದರು. ಒಪ್ಪಿದವರಿಗೆ ತಾಂತ್ರಿಕ ಸ್ವಾತಂತ್ರ್ಯದ ಆಮಿಷವನ್ನೂ ಒಡ್ಡಿದರು. ಅದೇ ಎಡವಟ್ಟು. ಒಂದೇ ಓಟದಲ್ಲಿ ಎರಡು ನಿಯಮ ಎಂದರೆ ಯಾರು ಒಪ್ಪುತ್ತಾರೆ? ಫೆರಾರಿ ಫ್ರಾನ್ಸಿನ ಕೋರ್ಟಿಗೆ ಹೋಗಿ ಸೋತಿತು. ಜೂನ್‌ನಲ್ಲಿ ಎಂಟು ತಂಡಗಳು ಪ್ರತ್ಯೇಕ ಚಾಂಪಿಯನ್‌ಷಿಪ್ ಕಟ್ಟುತ್ತೇವೆಂದು ಘೋಷಿಸಿದವು. ಒಂದು ವಾರದೊಳಗೆ ಮಿತಿ ಬಿದ್ದುಹೋಯಿತು, ಮೋಸ್ಲಿ ಮರುಸ್ಪರ್ಧೆಯಿಂದ ಹಿಂದೆ ಸರಿದರು. ಆ ಮಿತಿಯ ಮಾತು ನಂಬಿ ಅರ್ಜಿ ಹಾಕಿದ್ದ ಹೊಸಬರು ಮಾತ್ರ ಬಯಲಲ್ಲಿ ನಿಂತರು. ಯುಎಸ್ ಎಫ್‌ಒನ್ ಟ್ರ್ಯಾಕಿಗೆ ಬರಲೇ ಇಲ್ಲ. ವರ್ಜಿನ್ ತಂಡದ ಕಾರಿನ ಇಂಧನ ಟ್ಯಾಂಕ್ ಓಟ ಮುಗಿಸುವಷ್ಟು ದೊಡ್ಡದಿರಲಿಲ್ಲ. ಎಚ್‌ಆರ್‌ಟಿ ತಂಡದಲ್ಲಿ ಚೆನ್ನೈನ ಕರುಣ್ ಚಂದೋಕ್‌ಗೆ ಬಹ್ರೇನ್‌ನಲ್ಲಿ ಕಾರು ಸಿದ್ಧವಾಗಿದ್ದು ಅರ್ಹತಾ ಸುತ್ತಿನ ಹೊತ್ತಿಗೆ. ಆ ಕಾರು ನೆಲಕ್ಕಿಳಿದು ಓಡಿದ ಮೊದಲ ಸುತ್ತೇ ಅದು. 2017ರ ಹೊತ್ತಿಗೆ ಆ ಹೊಸಬರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಮಿತಿ ನಿಜಕ್ಕೂ ಬಂದದ್ದು 2021ರಲ್ಲಿ. ಮೊದಲು ನಿಗದಿಯಾಗಿದ್ದು 17.5 ಕೋಟಿ ಡಾಲರ್. ಕೋವಿಡ್‌ನಿಂದ ಓಟಗಳೇ ನಿಂತಾಗ ದೊಡ್ಡವರಿಗೂ ಭಯ ಹುಟ್ಟಿ 14.5 ಕೋಟಿಗೆ ಇಳಿಯಿತು. ಮುಂದೆ 14, ಆಮೇಲೆ 13.5 ಕೋಟಿ, ಹಣದುಬ್ಬರ ಮತ್ತು ಹೆಚ್ಚುವರಿ ಓಟಗಳಿಗೆ ಬೇರೆ ಲೆಕ್ಕ. ಚಾಲಕರ ಸಂಬಳ, ಅತಿ ಹೆಚ್ಚು ಸಂಬಳದ ಮೂವರು, ಜಾಹೀರಾತು ಇದರ ಹೊರಗೆ. ಎಂಜಿನ್ ತಯಾರಕರಿಗೆ 2023ರಿಂದ ಪ್ರತ್ಯೇಕ ಮಿತಿ. ಜತೆಗೆ ಇನ್ನೊಂದು ಜಾಣ ನಿಯಮ: ವಿಂಡ್ ಟನಲ್ ಪರೀಕ್ಷೆಯ ಅವಕಾಶವನ್ನು ಸ್ಥಾನಕ್ಕೆ ತಲೆಕೆಳಗಾಗಿ ಕೊಡುವುದು. ಮೊದಲಿಗರಿಗೆ ನಿಗದಿತ ಪ್ರಮಾಣದ ಶೇ 70, ಹತ್ತನೆಯವರಿಗೆ ಶೇ 115. ಬಹುಮಾನದ ಹಂಚಿಕೆಯೂ ಮೊದಲಿಗಿಂತ ಸಮತಟ್ಟಾಯಿತು. ಫೆರಾರಿಯ ವಿಶೇಷ ಪಾಲು ಮಾತ್ರ ಇಳಿಯಿತೇ ಹೊರತು ಹೋಗಲಿಲ್ಲ.

ಮೊದಲ ವರ್ಷದ ಲೆಕ್ಕ ತಪಾಸಣೆಯಲ್ಲೇ ರೆಡ್ ಬುಲ್ ಸಿಕ್ಕಿಬಿತ್ತು. ಮಿತಿ ಮೀರಿದ್ದು 18,64,000 ಪೌಂಡ್, ಶೇ 1.6. ತೆರಿಗೆ ರಿಯಾಯಿತಿಯನ್ನು ಸರಿಯಾಗಿ ತೋರಿಸಿದ್ದರೆ ಶೇ 0.37 ಆಗುತ್ತಿತ್ತು ಎಂದು ಎಫ್‌ಐಎಯೇ ಬರೆಯಿತು. ತಪ್ಪಾಗಿ ಹೊರಗಿಟ್ಟ ಖರ್ಚುಗಳಲ್ಲಿ ಕಾರ್ಖಾನೆಯ ಊಟೋಪಚಾರವೂ ಸೇರಿತ್ತು. ನೂರಾರು ಎಂಜಿನಿಯರುಗಳು ಸಾವಿರದ ಒಂದಂಶ ಸೆಕೆಂಡಿಗೆ ಹೆಣಗುವ ಆಟದಲ್ಲಿ ಕ್ಯಾಂಟೀನಿನ ಬಿಲ್ಲು ದೊಡ್ಡ ವಿವಾದವಾದದ್ದು ನೋಡಿ ನಕ್ಕವರೂ ಇದ್ದಾರೆ. ನಗುವಂಥದೇನಿಲ್ಲ, ಊಟ ಹೊರಗಿಟ್ಟರೆ ಆ ಹಣ ರೆಕ್ಕೆಯ ಭಾಗವಾಗಿ ಒಳಗೆ ಬರುತ್ತದೆ. ಶಿಕ್ಷೆ 70 ಲಕ್ಷ ಡಾಲರ್ ದಂಡ, ಮತ್ತು ವಿಂಡ್ ಟನಲ್ ಅವಕಾಶದಲ್ಲಿ ಶೇ 10 ಕಡಿತ. ಆ ಕಡಿತ ಹೊತ್ತುಕೊಂಡೇ ರೆಡ್ ಬುಲ್ 2023ರ 22 ಓಟಗಳಲ್ಲಿ 21 ಗೆದ್ದಿತು. ಇಲ್ಲೊಂದು ತಿದ್ದುಪಡಿ ಬೇಕು: ಮಿತಿ ಮೀರಿದವರಿಗೆ ನಗದು ದಂಡ ಬೇಡ. ದಂಡದ ಹಣ ಮಿತಿಯ ಹೊರಗಿನದು, ಒಡೆಯರಿಗೆ ಚಿಲ್ಲರೆ. ಮೀರಿದ ಮೊತ್ತದ ಎರಡರಷ್ಟನ್ನು ಮುಂದಿನ ವರ್ಷದ ಮಿತಿಯಿಂದ ಕಳೆದರೆ ಪೆಟ್ಟು ತಗಲುವ ಕಡೆ ತಗಲುತ್ತದೆ. ಪ್ರತಿ ತಂಡದ ಲೆಕ್ಕದ ಸಾರಾಂಶವನ್ನು ಬಹಿರಂಗವಾಗಿ ಪ್ರಕಟಿಸುವುದೂ ಬೇಕು.

ಹಾಗಿದ್ದರೂ ಮಿತಿ ಫಲ ಕೊಟ್ಟಿಲ್ಲವೆನ್ನಲಾಗದು. 2021ರಲ್ಲಿ ಮೆಕ್‌ಲಾರೆನ್ ತನ್ನ ವೋಕಿಂಗ್‌ನ ಕೇಂದ್ರ ಕಚೇರಿಯನ್ನೇ 17 ಕೋಟಿ ಪೌಂಡಿಗೆ ಮಾರಿ ಅದರಲ್ಲೇ ಬಾಡಿಗೆಗೆ ಕೂತಿತ್ತು. 2023ರ ಮೊದಲ ಓಟದಲ್ಲಿ ಗಾಳಿಯೊತ್ತಡ ಸೋರುತ್ತಿದ್ದ ಕಾರಿನಲ್ಲಿ ಲ್ಯಾಂಡೊ ನಾರಿಸ್ ಆರು ಸಲ ಪಿಟ್‌ಗೆ ಬಂದು ಕೊನೆಯವರಾದರು. ಮರುವರ್ಷ ಅದೇ ತಂಡ 666 ಅಂಕ ಗಳಿಸಿ, ಫೆರಾರಿಯನ್ನು 14 ಅಂಕದಿಂದ ಹಿಂದಿಕ್ಕಿ, 1998ರ ನಂತರ ಮೊದಲ ಬಾರಿ ತಂಡಗಳ ಚಾಂಪಿಯನ್ ಆಯಿತು. ಆ ವರ್ಷ ಏಳು ಚಾಲಕರು ತಲಾ ಎರಡಾದರೂ ಓಟ ಗೆದ್ದರು. ಹಳೆಯ ವ್ಯವಸ್ಥೆಯಲ್ಲಿ ಹಿಂದೆ ಬಿದ್ದವರು ಹಿಂದೆಯೇ ಕೊಳೆಯುತ್ತಿದ್ದರು.

ಆದರೆ ಮಿತಿ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡಿತು. ಖರ್ಚಿಗೆ ತಡೆ ಬಿದ್ದು ಆದಾಯ ಏರಿದಾಗ ತಂಡ ಎಂಬುದು ಚಿನ್ನದ ಸ್ವತ್ತಾಯಿತು. 2020ರಲ್ಲಿ ಇಡೀ ವಿಲಿಯಮ್ಸ್ ತಂಡ 15.2 ಕೋಟಿ ಯೂರೊಗೆ ಮಾರಾಟವಾಗಿತ್ತು. 2023ರಲ್ಲಿ ಆಲ್ಪೈನ್ ತಂಡದ ಶೇ 24 ಪಾಲಿಗೇ 20 ಕೋಟಿ ಯೂರೊ. ಹೀಗಾದ ಮೇಲೆ ಒಳಗಿದ್ದವರು ಬಾಗಿಲು ತೆರೆಯುತ್ತಾರೆಯೆ? ಅಮೆರಿಕದ ಆಂಡ್ರೆಟ್ಟಿ ತಂಡಕ್ಕೆ 2023ರ ಅಕ್ಟೋಬರ್‌ನಲ್ಲಿ ಎಫ್‌ಐಎ ಒಪ್ಪಿಗೆ ಕೊಟ್ಟಿತು. 2024ರ ಜನವರಿಯಲ್ಲಿ ವಾಣಿಜ್ಯ ಒಡೆಯರು ಬೇಡವೆಂದರು. ಅಮೆರಿಕದ ಸಂಸದರು ಮಧ್ಯೆ ಬಂದು, ಜನರಲ್ ಮೋಟಾರ್ಸ್ ಮುಂದೆ ನಿಂತ ಮೇಲೆ ಅದು ಕ್ಯಾಡಿಲಾಕ್ ಹೆಸರಿನಲ್ಲಿ 2026ಕ್ಕೆ ಹನ್ನೊಂದನೆಯ ತಂಡವಾಯಿತು. ಹಳಬರ ಪಾಲು ಕರಗುವುದಕ್ಕೆ ಪರಿಹಾರವೆಂದು ತೆರಬೇಕಾದ ಪ್ರವೇಶ ಶುಲ್ಕ ಹಿಂದಿನ ಒಪ್ಪಂದದಲ್ಲಿ 20 ಕೋಟಿ ಡಾಲರ್. ಕ್ಯಾಡಿಲಾಕ್ ಕಟ್ಟಿದ್ದು ವರದಿಗಳ ಪ್ರಕಾರ 45 ಕೋಟಿ. ಅಮೆರಿಕದ ಕಾರು ಓಟ ನಾಸ್ಕಾರ್‌ನಲ್ಲೂ ಇಂಥದೇ ಜಗಳ. ಅಲ್ಲಿ 2016ರಿಂದ ‘ಚಾರ್ಟರ್’ ಎಂಬ 36 ಖಾತರಿ ಪ್ರವೇಶ ಹಕ್ಕುಗಳಿವೆ; ಅವುಗಳ ಷರತ್ತಿನ ವಿರುದ್ಧ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಸಹ ಒಡೆತನದ ತಂಡ 2024ರಲ್ಲಿ ಏಕಸ್ವಾಮ್ಯ ವಿರೋಧಿ ಕಾಯ್ದೆಯಡಿ ಕೋರ್ಟಿಗೆ ಹೋಯಿತು. ಬಾಗಿಲ ಕಾವಲನ್ನು ಒಳಗಿನವರ ಕೈಗೇ ಕೊಡಬಾರದು. ತಾಂತ್ರಿಕ, ಆರ್ಥಿಕ ಪರೀಕ್ಷೆ ಪಾಸಾದವರಿಗೆ ಎಫ್‌ಐಎ ಒಪ್ಪಿಗೆಯೇ ಅಂತಿಮವಾಗಬೇಕು.

ಊರುಗಳ ಕಥೆ ಇನ್ನೂ ಕಹಿ. ಓಟ ನಡೆಸುವ ಊರು ಶುಲ್ಕ ಕಟ್ಟುತ್ತದೆ. ಟಿವಿ, ಟ್ರ್ಯಾಕ್ ಬದಿಯ ಜಾಹೀರಾತು, ಸಿರಿವಂತರ ಆಸನಗಳ ಆದಾಯ ಸಾಮಾನ್ಯವಾಗಿ ಫಾರ್ಮುಲಾ ಒನ್ ಕಂಪನಿಗೆ. ಊರಿಗೆ ಉಳಿಯುವುದು ಟಿಕೆಟ್ ಹಣ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನ ಲೆಕ್ಕ ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ ಬಹಿರಂಗವಾಗಿದೆ. 2011ರ ಸೆಪ್ಟೆಂಬರ್ 13ರ ಒಪ್ಪಂದದಂತೆ ಓಟ ಆಯೋಜಿಸುವ ಜೇಪಿ ಕಂಪನಿ ಫಾರ್ಮುಲಾ ಒನ್‌ಗೆ ಕೊಡಬೇಕಾದ್ದು 4 ಕೋಟಿ ಡಾಲರ್. ಲಾಂಛನ ಬಳಕೆಗೆ ಬೇರೆ ಒಪ್ಪಂದ, ಬೆಲೆ ಒಂದು ಡಾಲರ್. ಸರ್ಕ್ಯೂಟ್‌ನ ಜಾಹೀರಾತು ಮುಂತಾದ ಹಕ್ಕುಗಳು ಫಾರ್ಮುಲಾ ಒನ್‌ನ ಸಹ ಕಂಪನಿಗಳಿಗೆ ಮರಳಿದವು. 2017ರ ಏಪ್ರಿಲ್ 24ರಂದು ನ್ಯಾಯಾಲಯ, ಓಟದ ದಿನಗಳಲ್ಲಿ ಸರ್ಕ್ಯೂಟ್‌ನ ಹಿಡಿತ ಯಾರ ಕೈಯಲ್ಲಿತ್ತೆಂದು ನೋಡಿ, ಅದು ಭಾರತದಲ್ಲಿ ಫಾರ್ಮುಲಾ ಒನ್ ಕಂಪನಿಯ ಶಾಶ್ವತ ನೆಲೆಯೇ, ಇಲ್ಲಿನ ತೆರಿಗೆ ಕಟ್ಟಬೇಕು ಎಂದಿತು. ಅಷ್ಟರಲ್ಲಿ ಓಟ ನಿಂತು ನಾಲ್ಕನೆಯ ವರ್ಷ. ಮೂರು ಓಟ ನಡೆದಿದ್ದವು, ಮೂರನ್ನೂ ಸೆಬಾಸ್ಟಿಯನ್ ವೆಟೆಲ್ ಗೆದ್ದಿದ್ದರು.

ಇದು ಭಾರತದ ಗೋಳು ಮಾತ್ರವಲ್ಲ. ಜರ್ಮನಿಯಲ್ಲಿ 2020ರ ನಂತರ ಓಟವಿಲ್ಲ, ಫ್ರಾನ್ಸಿನಲ್ಲಿ 2022ರ ನಂತರ. ಸ್ಪಾ ಇನ್ನು ಪ್ರತಿ ವರ್ಷ ಇರುವುದಿಲ್ಲ. 2028, 2030ರಲ್ಲಿ ಬಿಡುವು. ಸರ್ಕಾರದ ಹಣವಿಲ್ಲದೆ ನಡೆಯುತ್ತಿದ್ದ ಜಾಂಡ್‌ವೋರ್ಟ್, ಡಿಎಫ್‌ವಿ ಎಂಜಿನ್ ಮೊದಲು ಗೆದ್ದ ಅದೇ ಮರಳ ದಿಬ್ಬಗಳ ಸರ್ಕ್ಯೂಟ್, 2026ಕ್ಕೆ ಸಾಕು ಎಂದಿದೆ. ಈ ನಡುವೆ ಪಟ್ಟಿ ಸೇರಿದವರಲ್ಲಿ ಖಜಾನೆಯಿಂದ ಹಣ ಕೊಡಬಲ್ಲ ಕೊಲ್ಲಿ ರಾಷ್ಟ್ರಗಳಿವೆ. ಶುಲ್ಕದ ಒಂದು ಭಾಗವನ್ನು ನಿಗದಿ ಮಾಡಿ, ಉಳಿದದ್ದನ್ನು ಟಿಕೆಟ್ ಆದಾಯದ ಪಾಲಾಗಿ ಪಡೆದರೆ ನಷ್ಟದ ವರ್ಷದಲ್ಲಿ ಊರು ಮುಳುಗುವುದಿಲ್ಲ. ಲಿಬರ್ಟಿಯ ಲೆಕ್ಕದಲ್ಲಿ 2023ರ ಆದಾಯ 322 ಕೋಟಿ ಡಾಲರ್, ತಂಡಗಳಿಗೆ ಹೋದದ್ದು 121 ಕೋಟಿ. ಇಷ್ಟರ ನಡುವೆ ಹಳೆಯ ಸರ್ಕ್ಯೂಟ್‌ಗಳಿಗೆ ರಿಯಾಯಿತಿ ಕೊಡಲು ಜಾಗವಿಲ್ಲವೆಂದರೆ ನಂಬುವುದು ಕಷ್ಟ.

ಇನ್ನು ಕೆಳಗಿನ ಮೆಟ್ಟಿಲು. ಫಾರ್ಮುಲಾ ಟು ಓಟದಲ್ಲಿ ಎಲ್ಲರಿಗೂ ಒಂದೇ ಡಲ್ಲಾರಾ ಕಾರು, ಒಂದೇ ಎಂಜಿನ್. ಕಾರಿನ ಸಮಾನತೆ ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಆದರೂ ಒಂದು ಋತುವಿಗೆ ಚಾಲಕ ತನ್ನ ಜತೆ ತರಬೇಕಾದ ಹಣ ಸುಮಾರು ಇಪ್ಪತ್ತು ಮೂವತ್ತು ಲಕ್ಷ ಯೂರೊ ಎಂಬುದು ಆ ವಲಯದ ಮಾತು. ಬೆಂಗಳೂರಿನ ಅರ್ಜುನ್ ಮೈನಿ ಅಲ್ಲಿ ಓಡಿ ಜರ್ಮನಿಯ ಡಿಟಿಎಂ ಕಾರು ಓಟಗಳ ಕಡೆ ತಿರುಗಿದರು. ತಮ್ಮ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಸ್ಪ್ರಿಂಟ್ ಓಟ ಗೆದ್ದರು. ರೇವಾ ವಿದ್ಯುತ್ ಕಾರಿನಿಂದ ಬೆಂಗಳೂರಿಗೆ ಪರಿಚಿತವಾದ ಉದ್ಯಮಿ ಮನೆತನದ ಹುಡುಗರು ಇವರು. ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ, ಆದರೆ ಅದೇ ಊರಿನ ಮೆಕ್ಯಾನಿಕ್ ಮಗನೊಬ್ಬ ಅಷ್ಟೇ ವೇಗದವನಾಗಿದ್ದರೆ ಕಾರ್ಟಿಂಗ್ ದಾಟುತ್ತಿರಲಿಲ್ಲ. ಖರ್ಚಿನ ಮಿತಿ ಎಂಬುದು ಈ ಮೆಟ್ಟಿಲನ್ನು ಮುಟ್ಟಿಯೇ ಇಲ್ಲ. ಮುಟ್ಟಲು ಎಷ್ಟು ಬೇಕು? ಕ್ಯಾಡಿಲಾಕ್ ಕಟ್ಟಿದ್ದು 45 ಕೋಟಿ ಡಾಲರ್ ಎಂಬ ವರದಿ ನಿಜವಾದರೆ, ಅದರ ಹತ್ತರಲ್ಲೊಂದು ಪಾಲು 4.5 ಕೋಟಿ. ಫಾರ್ಮುಲಾ ಟು ಗ್ರಿಡ್‌ನಲ್ಲಿ 22 ಕಾರು; ತಲಾ 20 ಲಕ್ಷ ಡಾಲರಿಗೆ ಹತ್ತಿರ. ಇಡೀ ಗ್ರಿಡ್‌ನ ಒಂದು ವರ್ಷದ ಖರ್ಚಿನ ದೊಡ್ಡ ಭಾಗವೇ ಅದು. ಈಗಿನ ಕಾಂಕಾರ್ಡ್ ಒಪ್ಪಂದ 2030ರವರೆಗೆ ಇದೆ. ಅದರ ಮುಂದಿನ ಮಾತುಕತೆಯಲ್ಲಿ, ಯಾವುದೇ ಹೊಸ ತಂಡದ ಪ್ರವೇಶ ಶುಲ್ಕದ ಹತ್ತನೇ ಒಂದು ಭಾಗ ಕೆಳಗಿನ ಶ್ರೇಣಿಗಳ ಚಾಲಕರ ನಿಧಿಗೆ ಹೋಗಬೇಕು ಎಂಬ ಒಂದು ಕಲಮನ್ನು ಎಫ್‌ಐಎ ತನ್ನ ಕಡೆಯಿಂದ ಮುಂದಿಡಬಹುದು. ಪರಿಹಾರದ ಹಣ ಪಡೆಯುವ ತಂಡಗಳು ಒಪ್ಪುವುದಿಲ್ಲ, ಖಂಡಿತ. 2009ರಲ್ಲಿ ಮಿತಿಗೂ ಅವು ಒಪ್ಪಿರಲಿಲ್ಲ.